ಶೇರು ಗೊತ್ತಿದ್ದ ಮೇಷ್ಟ್ರು ಪಾಠ ಯಾಕೆ ಮಾಡುತ್ತಾರೆ?

ಪ್ರಶ್ನೆ: ಸರ್, ನಾನು ದಾವಣಗೆರೆ ಕಡೆಯವನು, ವಯಸ್ಸು 28. ಕಂಪ್ಯೂಟರ್ ಸೈನ್ಸ್ ಓದಿ, ಬೆಂಗಳೂರಿನಲ್ಲಿ ಒಂದು ಬ್ರೋಕಿಂಗ್ ಕಂಪನಿಗೆ ಟ್ರೇಡಿಂಗ್ ಸಾಫ್ಟ್‌ವೇರ್ ಬರೆಯುತ್ತಿದ್ದೇನೆ. ಮಾರುಕಟ್ಟೆ ಮತ್ತು ತಂತ್ರಜ್ಞಾನದ ಬಗ್ಗೆ ಸಂಶೋಧನೆ ಮಾಡುವ ಫೈನಾನ್ಸ್ ಪ್ರೊಫೆಸರ್ ಆಗಬೇಕು ಅನ್ನುವ ಆಸೆ. ಅವರು ನಿಜಕ್ಕೂ ಮಾಡುವ ಕೆಲಸ ಏನು? ದಾರಿ ಯಾವುದು? ಈಗ ಶುರು ಮಾಡಿದರೆ ತಡವಾಯಿತೇ? ನಮ್ಮಪ್ಪ ಎಪಿಎಂಸಿಯಲ್ಲಿ ದಲಾಲಿ ಅಂಗಡಿ ಇಟ್ಟವರು. "ಶೇರಲ್ಲಿ ದುಡ್ಡು ಮಾಡೋದು ಗೊತ್ತಿದ್ರೆ ಆ ಮೇಷ್ಟ್ರು ಪಾಠ ಯಾಕೆ ಮಾಡ್ತಾರೆ?" ಅಂತ ಕೇಳುತ್ತಾರೆ. ಅವರಿಗೂ ಒಂದು ಉತ್ತರ ಬೇಕು.

ಉತ್ತರ:

ನಿಮ್ಮಪ್ಪನ ಪ್ರಶ್ನೆ ಮೊದಲು. ಅದನ್ನು ನಗೆಯಾಡಿ ಬಿಡುವ ಹಾಗಿಲ್ಲ, ಈ ವೃತ್ತಿಯವರೇ ಅದನ್ನು ಅಳೆದು ನೋಡಿದ್ದಾರೆ. ಡೇವಿಡ್ ಮೆಕ್ಲೀನ್ ಮತ್ತು ಜೆಫ್ರಿ ಪಾಂಟಿಫ್ ಅಂತ ಇಬ್ಬರು, "ಇಂಥ ಶೇರು ಕೊಂಡರೆ ಉಳಿದವಕ್ಕಿಂತ ಜಾಸ್ತಿ ಲಾಭ" ಎಂದು ಹಿಂದಿನವರು ಬರೆದಿಟ್ಟಿದ್ದ 97 ಸೂತ್ರಗಳನ್ನು ಒಟ್ಟುಹಾಕಿ ಮತ್ತೆ ಲೆಕ್ಕ ಮಾಡಿದರು. 2016ರಲ್ಲಿ ಅಚ್ಚಾದ ಪೇಪರ್ ಅದು. ಸೂತ್ರ ಜರ್ನಲ್‌ನಲ್ಲಿ ಬಂದ ಮೇಲೆ ಅದರ ಲಾಭ ಸರಾಸರಿ ಶೇ. 58ರಷ್ಟು ಕುಸಿದಿತ್ತು. ಆ 58ರಲ್ಲಿ ಹೆಚ್ಚೆಂದರೆ 26 ಹಳೆಯ ಅಂಕಿಗಳಲ್ಲಿ ಸುಮ್ನೆ ಅದೃಷ್ಟಕ್ಕೆ ಕಂಡ ಲಾಭ. ಮಿಕ್ಕದ್ದು, ಪೇಪರ್ ಓದಿದವರೆಲ್ಲ ಅದನ್ನೇ ಮಾಡಲು ಹೋಗಿ ಕರಗಿಸಿದ್ದು. ಗುಟ್ಟು ಬರೆದರೆ ಗುಟ್ಟಾಗಿ ಉಳಿಯುವುದಿಲ್ಲ, ಅಷ್ಟೇ. ಇನ್ನು ದುಡ್ಡು ಮಾಡಿದವರು ಇಲ್ಲವೇ ಇಲ್ಲ ಅಂತಲ್ಲ. ಶಿಕಾಗೊದಲ್ಲಿ ಯೂಜೀನ್ ಫಾಮಾ ಅವರ ಪಾಠ ಕೇಳಿದ ಡೇವಿಡ್ ಬೂತ್ 1981ರಲ್ಲಿ ಫಂಡ್ ಕಂಪನಿ ಶುರು ಮಾಡಿದರು, 2008ರಲ್ಲಿ ತಾವು ಓದಿದ ಶಾಲೆಗೆ 30 ಕೋಟಿ ಡಾಲರ್ ಕೊಟ್ಟರು. ಈಗ ಆ ಶಾಲೆಗೇ ಅವರ ಹೆಸರು. ಮೇಷ್ಟ್ರು ಫಾಮಾ ಮಾತ್ರ ಪಾಠ ಮಾಡುತ್ತಲೇ ಇದ್ದರು, 2013ರಲ್ಲಿ ನೊಬೆಲ್ ತಗೊಂಡರು. ಯಾರು ಬುದ್ಧಿವಂತರು ಅನ್ನೋದು ನಿಮ್ಮಪ್ಪನಿಗೇ ಬಿಟ್ಟದ್ದು.

ಆದರೆ ನೀವು ಕೇಳುತ್ತಿರುವ ಕ್ಷೇತ್ರದವರು ಶೇರು ಏರುತ್ತೋ ಇಳಿಯುತ್ತೋ ಅಂತ ತಲೆ ಕೆಡಿಸಿಕೊಳ್ಳುವವರೇ ಅಲ್ಲ. ಇದಕ್ಕೆ ಮಾರ್ಕೆಟ್ ಮೈಕ್ರೊಸ್ಟ್ರಕ್ಚರ್ ಅಂತ ಹೆಸರು. ಬೆಲೆ ಹೇಗೆ ಹುಟ್ಟುತ್ತದೆ, ಕೊಳ್ಳುವವನ ದರಕ್ಕೂ ಮಾರುವವನ ದರಕ್ಕೂ ನಡುವಿನ ಅಂತರ ಯಾರ ಜೇಬಿಗೆ ಹೋಗುತ್ತದೆ, ಒಬ್ಬನಿಗೆ ಸುದ್ದಿ ಮೊದಲು ಸಿಕ್ಕರೆ ಉಳಿದವರಿಗೆ ಏನಾಗುತ್ತದೆ, ಹೊಸ ಮೆಷಿನ್ ಬಂದಾಗ ಈ ಲೆಕ್ಕ ಹೇಗೆ ತಿರುಗುತ್ತದೆ: ಇವು ಅದರ ಪ್ರಶ್ನೆಗಳು. ದಲಾಲಿ ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಲಾಟ್ ಮುಂದೆ ಎಷ್ಟು ಜನ ಖರೀದಿದಾರರು ನಿಂತಿದ್ದಾರೆ ಅನ್ನುವುದರ ಮೇಲೆ ಮೆಕ್ಕೆಜೋಳದ ದರ ನಿಲ್ಲುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತು. ಪ್ರೊಫೆಸರ್ ಮಾಡುವುದು ಅದನ್ನು ಅಂಕಿಯಲ್ಲಿ ತೋರಿಸುವ ಕೆಲಸ, ಬೇರೆಯವರು ಎಷ್ಟು ತಿವಿದರೂ ಬೀಳದ ಹಾಗೆ.

ಒಂದು ಪ್ರಸಂಗ ಹೇಳುತ್ತೇನೆ. ನಮ್ಮ ವಿದ್ಯಾರ್ಥಿಗಳಿಗೆ ಇದನ್ನು ಹೇಳದೆ ಯಾವ ಸೆಮಿಸ್ಟರೂ ಮುಗಿಯುವುದಿಲ್ಲ. 1990ರ ದಶಕದ ಶುರುವಿನಲ್ಲಿ ಅಮೆರಿಕದ ನ್ಯಾಸ್ಡಾಕ್‌ನಲ್ಲಿ ಶೇರಿನ ದರವನ್ನು ಡಾಲರಿನ ಎಂಟನೇ ಭಾಗದಲ್ಲಿ ಹೇಳುತ್ತಿದ್ದರು, ಅಂದರೆ ಒಂದು ಮೆಟ್ಟಿಲು ಹನ್ನೆರಡೂವರೆ ಸೆಂಟ್. ವಿಲಿಯಂ ಕ್ರಿಸ್ಟಿ ಮತ್ತು ಪಾಲ್ ಶುಲ್ಟ್ಸ್ ಎಂಬ ಇಬ್ಬರು ಪ್ರೊಫೆಸರುಗಳು 1991ರ 100 ದೊಡ್ಡ ಶೇರುಗಳ ದರ ಪಟ್ಟಿ ತೆಗೆದು ಕೂತರು. ಒಂದು ವಿಚಿತ್ರ ಕಂಡಿತು. 70 ಶೇರುಗಳಲ್ಲಿ ಎಂಟನೇ ಒಂದು, ಮೂರು, ಐದು, ಏಳು ಅನ್ನುವ ಬೆಸ ದರಗಳು ಹೆಚ್ಚೂಕಮ್ಮಿ ಇರಲೇ ಇಲ್ಲ. ಎಲ್ಲ ಡೀಲರುಗಳೂ (ಶೇರಿಗೆ ಕೊಳ್ಳುವ ದರವನ್ನೂ ಮಾರುವ ದರವನ್ನೂ ಹೇಳುವ ವ್ಯಾಪಾರಿಗಳು) ಸರಿ ಸಂಖ್ಯೆಯ ಮೆಟ್ಟಿಲಲ್ಲೇ ನಿಂತಿದ್ದರು. ಬೆಸ ಮೆಟ್ಟಿಲು ಬಿಟ್ಟರೆ ಏನಾಗುತ್ತದೆ? ಕೊಳ್ಳುವ ದರಕ್ಕೂ ಮಾರುವ ದರಕ್ಕೂ ನಡುವಿನ ಅಂತರ ಕಾಲು ಡಾಲರಿಗಿಂತ ಕೆಳಗೆ ಬರುವುದೇ ಇಲ್ಲ. ಒಂದೊಂದು ಶೇರಿನಲ್ಲಿ ಅದು ಚಿಲ್ಲರೆ, ಆದರೆ ಮೈಕ್ರೊಸಾಫ್ಟ್‌ನಂಥ ಶೇರು ದಿನಕ್ಕೆ ಎಷ್ಟು ಕೈ ಬದಲಾಗುತ್ತದೆ ನೋಡಿ.

ಹತ್ತಾರು ಡೀಲರುಗಳು ಇದ್ದ ಕಡೆ ಪೈಪೋಟಿ ತಾನಾಗೇ ಇರುತ್ತದೆ ಅಂತ ಆವರೆಗೆ ಎಲ್ಲರೂ ನಂಬಿದ್ದರು. ಇವರಿಬ್ಬರೂ ಒಳ ಒಪ್ಪಂದ ಇರಬಹುದೇ ಎಂದು ಕೇಳಿದರು. 1994ರ ಮೇ 26 ಮತ್ತು 27ರಂದು ಈ ಸುದ್ದಿ ಪತ್ರಿಕೆಗಳಲ್ಲಿ ಬಂತು. 27ರಂದೇ ಆಮ್ಜೆನ್, ಸಿಸ್ಕೊ, ಮೈಕ್ರೊಸಾಫ್ಟ್ ಶೇರುಗಳಲ್ಲಿ ಬೆಸ ದರಗಳು ಏಕಾಏಕಿ ಕಾಣಿಸಿಕೊಂಡವು, ಅಂತರ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. ಮುಂದಿನ ವಹಿವಾಟಿನ ದಿನ ಇಂಟೆಲ್ ಮತ್ತು ಆಪಲ್‌ನಲ್ಲೂ ಅದೇ ಕಥೆ. ಅಂಗಡಿಗೆ ಇನ್‌ಸ್ಪೆಕ್ಟರ್ ಬರುತ್ತಾರೆ ಅಂದ ಕೂಡಲೇ ತಕ್ಕಡಿ ಸರಿಯಾದಂತೆ! ಆಮೇಲೆ ಸರ್ಕಾರದ ತನಿಖೆ, ಕೋರ್ಟು, ಹೂಡಿಕೆದಾರರಿಗೆ ಡೀಲರುಗಳಿಂದ ಸುಮಾರು 100 ಕೋಟಿ ಡಾಲರ್ ಪರಿಹಾರ, 1997ರಲ್ಲಿ ಹೊಸ ನಿಯಮಗಳು. ಇಬ್ಬರ ಕೈಯಲ್ಲೂ ಇದ್ದದ್ದು ಒಂದು ದರ ಪಟ್ಟಿ ಮತ್ತು "ಇಲ್ಲಿ ಇರಬೇಕಾದ್ದು ಯಾಕಿಲ್ಲ?" ಅನ್ನುವ ಒಂದು ಪ್ರಶ್ನೆ. ಗುಣಾಕಾರ ಬಿಟ್ಟರೆ ದೊಡ್ಡ ಗಣಿತವೂ ಬೇಕಾಗಲಿಲ್ಲ.

ಎಲ್ಲ ಪೇಪರೂ ಹೀಗೆ ಸಿನಿಮಾ ಥರ ಇರುವುದಿಲ್ಲ, ಹೇಳಿಬಿಡುತ್ತೇನೆ. ಬಹುಪಾಲು ಕೆಲಸ ಇನ್ನೊಂದು ಬಗೆಯದು. ಹೊಸ ತಂತ್ರಜ್ಞಾನ ಬಂತು, ಆಮೇಲೆ ಮಾರುಕಟ್ಟೆ ಸುಧಾರಿಸಿತು ಅನ್ನೋಣ. ಸುಧಾರಿಸಿದ್ದು ತಂತ್ರಜ್ಞಾನದಿಂದಲೋ, ಅದೇ ಹೊತ್ತಿಗೆ ಬೇರೆ ಏನೋ ಆಯಿತೋ? ಇದನ್ನು ಬೇರ್ಪಡಿಸುವುದೇ ಈ ಕಸುಬಿನ ಕಷ್ಟ. ಅದಕ್ಕೆ ನಾವು ಸದಾ ಹುಡುಕುವುದು ಒಂದೇ: ಅದೇ ದಿನ ಕೆಲವರಿಗೆ ಸಿಕ್ಕಿ, ಕೆಲವರಿಗೆ ಸಿಗದೇ ಹೋದ ಸಂದರ್ಭ.

ಉದಾಹರಣೆಗೆ, ಕಂಪ್ಯೂಟರ್ ಟ್ರೇಡಿಂಗ್‌ನಿಂದ ಸಾಮಾನ್ಯ ಹೂಡಿಕೆದಾರನಿಗೆ ಒಳ್ಳೆಯದಾಯಿತೋ ಕೆಟ್ಟದಾಯಿತೋ ಅನ್ನುವ ಜಗಳ. ಟೆರೆನ್ಸ್ ಹೆಂಡರ್‌ಶಾಟ್, ಚಾರ್ಲ್ಸ್ ಜೋನ್ಸ್, ಆಲ್ಬರ್ಟ್ ಮೆಂಕ್‌ವೆಲ್ಡ್ ಮೂವರೂ ಇದಕ್ಕೆ ಕೈ ಹಾಕಿ 2011ರಲ್ಲಿ ಪ್ರಕಟಿಸಿದರು. ಅವರಿಗೆ ಸಿಕ್ಕ ಸಂದರ್ಭ ನೋಡಿ. ನ್ಯೂಯಾರ್ಕ್ ಸ್ಟಾಕ್ ಎಕ್ಸ್‌ಚೇಂಜ್‌ನಲ್ಲಿ ಅತ್ಯುತ್ತಮ ದರ ಬದಲಾದಾಗ ಅದನ್ನು ಹೊರಗೆ ತಿಳಿಸುವ ಕೆಲಸ ಮನುಷ್ಯರ ಕೈಯಲ್ಲಿತ್ತು, ಅಲ್ಲಿನ ಗುಮಾಸ್ತರು ಒತ್ತಬೇಕಿತ್ತು. 2003ರಲ್ಲಿ ಅದನ್ನು ಸಾಫ್ಟ್‌ವೇರ್‌ಗೆ ಬಿಟ್ಟರು, ಆಟೊಕೋಟ್ ಅಂತ. ತಾಜಾ ದರ ಸಿಕ್ಕರೆ ಲಾಭ ಯಾರಿಗೆ? ಕಣ್ಣು ಮಿಟುಕಿಸುವುದರೊಳಗೆ ಲೆಕ್ಕ ಹಾಕುವ ಯಂತ್ರಕ್ಕೆ, ಮನುಷ್ಯನಿಗೆ ಅಷ್ಟೇನೂ ಇಲ್ಲ. ಮತ್ತು ಅದನ್ನು ಎಲ್ಲ ಶೇರುಗಳಿಗೂ ಒಂದೇ ದಿನ ಹಾಕಲಿಲ್ಲ. ಜನವರಿ 29ರಂದು 6 ಶೇರು, ಮುಂದಿನ ಎರಡು ತಿಂಗಳಲ್ಲಿ 200ಕ್ಕೂ ಹೆಚ್ಚು, ಉಳಿದವಕ್ಕೆಲ್ಲ ಮೇ 27ರಂದು. ಹಾಗಾಗಿ ಬಂದ ಶೇರನ್ನೂ ಇನ್ನೂ ಬರದ ಶೇರನ್ನೂ ಅಕ್ಕಪಕ್ಕ ಇಟ್ಟು ನೋಡಬಹುದಾಯಿತು. ದೊಡ್ಡ ಶೇರುಗಳಲ್ಲಿ ಅಂತರ ಕಡಿಮೆಯಾಗಿತ್ತು. ಸಣ್ಣ ಶೇರುಗಳಲ್ಲಿ ಹಾಗೆ ಏನೂ ಸ್ಪಷ್ಟವಾಗಿ ಕಾಣಲಿಲ್ಲ. ದರ ಕೊಡುವ ಯಂತ್ರಗಳ ಗಳಿಕೆ ಕೆಲವು ಕಾಲ ಏರಿತ್ತು ಅಂತಲೂ ಅದೇ ಪೇಪರಿನಲ್ಲಿದೆ, ಅದನ್ನು ಉದ್ಧರಿಸುವವರು ಕಡಿಮೆ.

ಇದೇ ಉಪಾಯವನ್ನು ನಮ್ಮ ಪಕ್ಕದಲ್ಲೂ ಮಾಡಿದ್ದಾರೆ. ರಾಬರ್ಟ್ ಜೆನ್ಸನ್ ಅನ್ನುವವರು ಉತ್ತರ ಕೇರಳದ ಬೂತಾಯಿ ಮೀನಿನ ಮಾರುಕಟ್ಟೆ ನೋಡಿದರು. ಮೊಬೈಲ್ ಟವರ್ ಕೋಯಿಕ್ಕೋಡಿಗೆ 1997ರಲ್ಲಿ, ಕಣ್ಣೂರಿಗೆ 1998ರಲ್ಲಿ, ಕಾಸರಗೋಡಿಗೆ 2000ದಲ್ಲಿ ಬಂತು, ಮೂರು ಬೇರೆ ಬೇರೆ ಹೊತ್ತು. ಟವರ್ ಬರುವ ಮುಂಚೆ ದೋಣಿಯವರಿಗೆ ಯಾವ ದಡದಲ್ಲಿ ಕೊಳ್ಳುವವರಿದ್ದಾರೆ ಅಂತ ಗೊತ್ತಾಗುತ್ತಿರಲಿಲ್ಲ. 1997ರ ಜನವರಿಯ ಒಂದು ಬೆಳಿಗ್ಗೆ ವಡಗರದಲ್ಲಿ 11 ಮೀನುಗಾರರು ಕೊಳ್ಳುವವರಿಲ್ಲದೆ ಮೀನು ಚೆಲ್ಲಿದರು, ಅದೇ ಹೊತ್ತಿಗೆ ಹದಿನೈದು ಕಿಲೋಮೀಟರ್ ಒಳಗೇ 27 ಜನ ಮೀನು ಸಿಗದೆ ಹೊರಡುತ್ತಿದ್ದರು. ಫೋನ್ ಬಂದ ಮೇಲೆ ಚೆಲ್ಲುವುದು ನಿಂತಿತು, ಮೀನುಗಾರರ ಲಾಭ ಶೇ. 8ರಷ್ಟು ಏರಿತು, ಕೊಳ್ಳುವವರ ದರ ಶೇ. 4ರಷ್ಟು ಇಳಿಯಿತು. ಎರಡೂ ಕಡೆಯವರಿಗೂ ಒಳ್ಳೆಯದಾದ ಅಪರೂಪದ ಪ್ರಕರಣ. 2007ರಲ್ಲಿ ಅಚ್ಚಾಯಿತು.

ಈಗ ನಿಮ್ಮಪ್ಪನ ಅಂಗಡಿಗೆ ಬರೋಣ. 2014ರಿಂದ ಕರ್ನಾಟಕದ ಎಪಿಎಂಸಿಗಳನ್ನು ಒಂದೇ ಆನ್‌ಲೈನ್ ವೇದಿಕೆಗೆ ಸೇರಿಸಿದ್ದು, ಚೀಟಿ ಟೆಂಡರ್ ಹೋಗಿ ಇ-ಟೆಂಡರ್ ಬಂದದ್ದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಲಾಟ್‌ಗೆ ನಂಬರ್, ಗಂಟೆ ಮುಗಿಯುವವರೆಗೆ ಯಾರು ಎಷ್ಟು ಹಾಕಿದರು ಅಂತ ಪಕ್ಕದವನಿಗೆ ಕಾಣುವುದಿಲ್ಲ, ಕೊನೆಗೆ ಹೆಚ್ಚಿನ ದರದವನ ಹೆಸರು. ಎಂಐಟಿಯ ರೆಟ್ಸೆಫ್ ಲೆವಿ ಮತ್ತವರ ತಂಡ ಇದರ ಪರಿಣಾಮ ಅಳೆದು 2020ರಲ್ಲಿ ಪ್ರಕಟಿಸಿತು: ಭತ್ತದ ದರ ಸರಾಸರಿ ಶೇ. 5.1, ಶೇಂಗಾ ಶೇ. 3.6, ಮೆಕ್ಕೆಜೋಳ ಶೇ. 3.5 ಏರಿತ್ತು. ಶೇಕಡಾ ಮೂರೂವರೆ ಅಂದರೆ ಏನು ಮಹಾ ಅನ್ನಬೇಡಿ. ರೈತನ ಖರ್ಚು ಕಳೆದು ಉಳಿಯುವ ಲಾಭವೇ ಅಷ್ಟು ತೆಳು, ದರದ ಮೇಲಿನ ಸಣ್ಣ ಏರಿಕೆ ಲಾಭದಲ್ಲಿ ದೊಡ್ಡದಾಗಿ ಕಾಣುತ್ತದೆ. ಲೇಖಕರಲ್ಲಿ ಒಬ್ಬರು ಆ ವೇದಿಕೆ ನಡೆಸುವ ಸಂಸ್ಥೆಯವರೇ ಅನ್ನುವುದನ್ನೂ ನೆನಪಿಟ್ಟು ಓದಬೇಕು. ಡೇಟಾ ಸಿಗಬೇಕಾದರೆ ಒಳಗಿನವರು ಬೇಕು, ಒಳಗಿನವರು ಇದ್ದರೆ ಓದುಗರಿಗೆ ಒಂದು ಅನುಮಾನ. ಈ ಕಸುಬಿನಲ್ಲಿ ಇದು ತಪ್ಪಿದ್ದಲ್ಲ, ಅದಕ್ಕೇ ಈಗ ಒಳ್ಳೆಯ ಜರ್ನಲ್‌ಗಳು ಲೇಖಕರಿಗೆ ಯಾರಿಂದ ದುಡ್ಡು, ಯಾರಿಂದ ಡೇಟಾ ಅಂತ ಬರೆಸಿಕೊಳ್ಳುತ್ತವೆ. ಅಂದ ಹಾಗೆ ಲೆವಿ ಫೈನಾನ್ಸ್‌ನವರಲ್ಲ, ಆಪರೇಷನ್ಸ್ ವಿಭಾಗದವರು. ಬೇಲಿಗಳು ನೀವು ಅಂದುಕೊಂಡಷ್ಟು ಎತ್ತರ ಇಲ್ಲ.

ಸರಿ, ಕೆಲಸ ಇದು. ಇನ್ನು ದಿನ ಹೇಗೆ ಕಳೆಯುತ್ತದೆ ಅಂತ ಕೇಳಿದ್ದೀರಿ. ಡೇಟಾ ತೊಳೆಯುವುದರಲ್ಲಿ ಕಳೆಯುತ್ತದೆ! ಟಿಕ್ ಡೇಟಾದಲ್ಲಿ, ಅಂದರೆ ಒಂದೊಂದು ಆರ್ಡರ್ ಮತ್ತು ವಹಿವಾಟಿನ ದಾಖಲೆಯಲ್ಲಿ, ತಪ್ಪು ಟೈಮ್‌ಸ್ಟ್ಯಾಂಪ್, ರದ್ದಾದ ಆರ್ಡರ್, ಎರಡು ಸಲ ಬಂದ ಸಾಲು, ಯಾರೂ ದಾಖಲೆ ಬರೆದಿಡದ ಕೋಡ್. ನೀವು ಅದನ್ನು ಸಂಬಳಕ್ಕೆ ಮಾಡುತ್ತಿದ್ದೀರಿ, ನಾವು ಪ್ರಬಂಧಕ್ಕೆ ಮಾಡುತ್ತೇವೆ. ಪಾಠ ಇರುತ್ತದೆ, ಸಂಶೋಧನೆಗೆ ಒತ್ತು ಕೊಡುವ ಕಡೆ ವರ್ಷಕ್ಕೆ ಎರಡು ಮೂರು ಕೋರ್ಸ್, ಉಳಿದ ಕಡೆ ಅದರ ಎರಡರಷ್ಟೂ ಆಗಬಹುದು. ಬೇರೆಯವರ ಪೇಪರ್‌ಗಳಿಗೆ ರೆಫರಿ ಕೆಲಸ (ಅಚ್ಚಿಗೆ ಹೋಗುವ ಮುಂಚೆ ಓದಿ ಸರಿತಪ್ಪು ಹೇಳುವುದು), ಅದಕ್ಕೆ ಸಿಗುವ ದುಡ್ಡು ಕಾಫಿ ಖರ್ಚಿಗೆ. ಸಮಿತಿಗಳು, ಶಿಫಾರಸು ಪತ್ರಗಳು. ನಿಯಂತ್ರಕರು ಕರೆದರೆ ಹೋಗಿ ಕೂರಬೇಕು.

ನಿಧಾನ ಅನ್ನುವುದಕ್ಕೆ ಒಂದು ಲೆಕ್ಕ ಕೊಡುತ್ತೇನೆ. 2010ರ ಮೇ 6ರಂದು ಅಮೆರಿಕದ ಡೌ ಸೂಚ್ಯಂಕ ಕೆಲವೇ ನಿಮಿಷಗಳಲ್ಲಿ ಬಿದ್ದು, ಹಿಂದಿನ ದಿನಕ್ಕಿಂತ ಸಾವಿರದ ಹತ್ತಿರ ಅಂಶ ಕೆಳಗೆ ಹೋಯಿತು, ಅಷ್ಟೇ ಬೇಗ ಮೇಲೆ ಬಂತು. ಫ್ಲ್ಯಾಶ್ ಕ್ರ್ಯಾಶ್ ಅನ್ನುತ್ತಾರೆ. ಒಂದು ಫಂಡ್ ಸಂಸ್ಥೆ ಯಂತ್ರದ ಮೂಲಕ 75,000 ಇ-ಮಿನಿ ಕಾಂಟ್ರ್ಯಾಕ್ಟ್ (ಸೂಚ್ಯಂಕದ ಮೇಲಿನ ಫ್ಯೂಚರ್ಸ್, ಮುಂದಿನ ಒಂದು ದಿನದ ವ್ಯವಹಾರಕ್ಕೆ ಈಗಲೇ ದರ ನಿಗದಿ ಮಾಡುವ ಒಪ್ಪಂದ), ಅಂದರೆ 410 ಕೋಟಿ ಡಾಲರ್ ಮೌಲ್ಯದ್ದು, ಮಾರಲು ಹೊರಟದ್ದು ಮುಖ್ಯ ಕಾರಣಗಳಲ್ಲಿ ಒಂದು ಎಂದು ಸರ್ಕಾರಿ ವರದಿ ಹೇಳಿತು. ಆಂಡ್ರೆ ಕಿರಿಲೆಂಕೊ ಆಗ ಅಲ್ಲಿನ ಫ್ಯೂಚರ್ಸ್ ನಿಯಂತ್ರಣ ಸಂಸ್ಥೆಯಲ್ಲಿದ್ದರು, ಖಾತೆವಾರು ಡೇಟಾ ಅವರಿಗೆ ಕಾಣುತ್ತಿತ್ತು. ಪೀಟ್ ಕೈಲ್ ಮೊದಲಾದವರ ಜೊತೆ ಕೂತು ಬರೆದ ಪೇಪರಿನ ಸಾರ ಸರಳ: ಅತಿ ವೇಗದ ಟ್ರೇಡರುಗಳು ಬೀಳುವುದನ್ನು ಶುರು ಮಾಡಲಿಲ್ಲ, ಆದರೆ ಬೀಳುವಾಗ ಹಿಡಿದು ನಿಲ್ಲಲೂ ಇಲ್ಲ. ಇದು ಜರ್ನಲ್‌ನಲ್ಲಿ ಅಚ್ಚಾದದ್ದು 2017ರಲ್ಲಿ! ನಡುವೆ, 2012ರ ಕೊನೆಗೆ, ಗುಟ್ಟಿನ ಡೇಟಾವನ್ನು ಪ್ರೊಫೆಸರುಗಳು ಬಳಸುತ್ತಿದ್ದಾರೆ ಅಂತ ಎಕ್ಸ್‌ಚೇಂಜ್ ಕಡೆಯಿಂದ ದೂರು ಹೋಗಿ ಆ ಸಂಸ್ಥೆಯ ಸಂಶೋಧನಾ ಕಾರ್ಯಕ್ರಮವನ್ನೇ ನಿಲ್ಲಿಸಿದ್ದರು. ನಿಮ್ಮ ಕಂಪನಿಯಲ್ಲಿ ಎರಡು ವಾರಕ್ಕೊಮ್ಮೆ ರಿಲೀಸ್ ಆಗುತ್ತೆ, ಅಲ್ವಾ? ಇಲ್ಲಿ ಒಂದು ರಿಲೀಸ್‌ಗೆ ಐದಾರು ವರ್ಷ ಹಿಡಿಯುವುದು ಮಾಮೂಲು. ಈ ವ್ಯತ್ಯಾಸವನ್ನು ತಡೆದುಕೊಳ್ಳಲಾರದೆ ಬಿಟ್ಟು ಹೋದ ಬುದ್ಧಿವಂತರು ತುಂಬಾ ಜನ, ಗಣಿತ ಬಾರದೆ ಬಿಟ್ಟವರು ಕಡಿಮೆ.

ಇನ್ನೊಂದು, ಕೋಡ್ ಬರೆಯುವವರು ಮೊದಲೇ ತಿಳಿದಿರಲಿ. ಮೆಂಕ್‌ವೆಲ್ಡ್ ಮತ್ತು ಸಂಗಡಿಗರು ಒಂದು ದೊಡ್ಡ ಪ್ರಯೋಗ ಮಾಡಿದರು. ಯುರೋಪಿನ ಒಂದೇ ಫ್ಯೂಚರ್ಸ್ ಡೇಟಾವನ್ನು 164 ಸಂಶೋಧನಾ ತಂಡಗಳಿಗೆ ಕೊಟ್ಟು, ಒಂದೇ ಪ್ರಶ್ನೆಗಳನ್ನು ಕೇಳಿದರು. ಉತ್ತರಗಳು ಚೆಲ್ಲಾಪಿಲ್ಲಿ. ಯಾರೂ ಮೋಸ ಮಾಡಿರಲಿಲ್ಲ. ಯಾವ ಸಾಲು ತೆಗೆದುಹಾಕಬೇಕು, ದಿನದ ಲೆಕ್ಕವೋ ತಿಂಗಳ ಲೆಕ್ಕವೋ, ಅಳತೆ ಯಾವುದು, ಇಂಥ ಸಣ್ಣ ಸಣ್ಣ ನಿರ್ಧಾರಗಳೇ ಅಷ್ಟು ದೂರ ಒಯ್ದಿದ್ದವು. ಬೇರೆಯವರ ಅಭಿಪ್ರಾಯ ಕೇಳಿ ತಿದ್ದಿಕೊಂಡ ಮೇಲೆ ಚದುರುವಿಕೆ ಕಡಿಮೆಯಾಯಿತು. 2024ರಲ್ಲಿ ಬಂದ ಪೇಪರ್. ಇದನ್ನು ಓದಿದ ಮೇಲೆ ನಾನಂತೂ ಯಾರಾದರೂ "ಡೇಟಾ ಹೇಳುತ್ತೆ" ಅಂದರೆ ಯಾರ ಕೋಡ್ ಅಂತ ಕೇಳುತ್ತೇನೆ.

ದಾರಿಯ ವಿಷಯ. ಪಿಎಚ್‌ಡಿ ಬೇಕೇ ಬೇಕು, ಎಂಬಿಎ ಸಾಲದು, ಬೇಕಾಗಿಯೂ ಇಲ್ಲ. ಅಮೆರಿಕದಲ್ಲಾದರೆ ಐದಾರು ವರ್ಷ. ಒಂದು ಬಿಸಿನೆಸ್ ಸ್ಕೂಲ್ ವರ್ಷಕ್ಕೆ ಫೈನಾನ್ಸ್‌ಗೆ ತಗೊಳ್ಳುವುದೇ ಎರಡರಿಂದ ಐದು ಜನರನ್ನು, ಹಾಗಾಗಿ ಒಂದೆರಡು ಕಡೆ ಅರ್ಜಿ ಹಾಕಿ ಕೂತರೆ ಆಗಲ್ಲ. ಸೀಟು ಸಿಕ್ಕರೆ ಫೀಸು ಇಲ್ಲ, ಬದುಕಲು ಸ್ಟೈಪೆಂಡ್ ಕೊಡುತ್ತಾರೆ. ಮೊದಲ ಎರಡು ವರ್ಷ ಕ್ಲಾಸು: ಮೈಕ್ರೊ ಅರ್ಥಶಾಸ್ತ್ರ, ಇಕನಾಮೆಟ್ರಿಕ್ಸ್ (ಆರ್ಥಿಕ ಅಂಕಿಗಳ ಸಂಖ್ಯಾಶಾಸ್ತ್ರ), ಅಸೆಟ್ ಪ್ರೈಸಿಂಗ್ (ಶೇರು ಮುಂತಾದವಕ್ಕೆ ಬೆಲೆ ಹೇಗೆ ಕೂರುತ್ತದೆ ಅನ್ನುವುದು), ಕಾರ್ಪೊರೇಟ್ ಫೈನಾನ್ಸ್. ಅದು ಮುಗಿದ ಮೇಲೆ ಒಂದು ಕಠಿಣ ಪರೀಕ್ಷೆ. ಆಮೇಲಿಂದ ಕೈ ಹಿಡಿದು ನಡೆಸುವವರಿಲ್ಲ. ಕೊನೆಯ ವರ್ಷ ಒಂದು ಪೇಪರ್, ಬರೀ ಒಂದು, ಅದನ್ನು ಹಿಡಿದುಕೊಂಡು ಕೆಲಸದ ಸಂತೆಗೆ ಹೋಗಬೇಕು. ಅಮೆರಿಕನ್ ಫೈನಾನ್ಸ್ ಅಸೋಸಿಯೇಷನ್‌ನ ಜನವರಿ ಸಮ್ಮೇಳನದ ಆಸುಪಾಸಿನಲ್ಲೇ ಅದು ನಡೆಯುತ್ತದೆ. ಮೊದಲು ಹೋಟೆಲ್ ರೂಮುಗಳಲ್ಲಿ ಸಂದರ್ಶನ ಇರುತ್ತಿತ್ತು, ಕೋವಿಡ್ ನಂತರ ಬಹುತೇಕ ವಿಡಿಯೊದಲ್ಲೇ. ಕೆಲಸ ಸಿಕ್ಕ ಮೇಲೆ ಆರೇಳು ವರ್ಷದ ಗಡುವು. ಅಷ್ಟರೊಳಗೆ ಜರ್ನಲ್ ಆಫ್ ಫೈನಾನ್ಸ್ ಮಟ್ಟದ ಮೂರು ಜರ್ನಲ್‌ಗಳಲ್ಲಿ ಸಾಕಷ್ಟು ಬಂದರೆ ಟೆನ್ಯೂರ್, ಕಾಯಂ. ಇಲ್ಲದಿದ್ದರೆ ಗಂಟು ಕಟ್ಟಿ ಇನ್ನೊಂದು ಊರು. ಆ ಜರ್ನಲ್‌ಗಳು ಬಂದ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚನ್ನು ವಾಪಸ್ ಕಳಿಸುತ್ತವೆ.

ಭಾರತದಲ್ಲೇ ಓದಬೇಕೆಂದರೆ ಐಐಎಂಗಳ ಪಿಎಚ್‌ಡಿ ಇದೆ, ಬೆಂಗಳೂರಿನದು ನಿಮ್ಮ ಆಫೀಸಿನಿಂದ ಬಸ್ ದೂರ. ನಾಲ್ಕು ವರ್ಷದ ಎಂಜಿನಿಯರಿಂಗ್ ಪದವಿಯೇ ಸಾಕು, ಕ್ಯಾಟ್ ಅಥವಾ ಜಿಆರ್‌ಇ, ಜಿಮ್ಯಾಟ್ ಅಂಕ ಬೇಕು, ಸ್ಟೈಪೆಂಡ್ ಇರುತ್ತದೆ. ಮುಂಬೈಯ ಇಂದಿರಾ ಗಾಂಧಿ ಅಭಿವೃದ್ಧಿ ಸಂಶೋಧನಾ ಸಂಸ್ಥೆಯಲ್ಲೂ ಈ ಕೆಲಸ ನಡೆದಿದೆ. ಎನ್‌ಎಸ್‌ಇ (ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜ್) 2010ರಲ್ಲಿ ಕೋ-ಲೊಕೇಷನ್, ಅಂದರೆ ಬ್ರೋಕರುಗಳು ತಮ್ಮ ಕಂಪ್ಯೂಟರನ್ನು ಎಕ್ಸ್‌ಚೇಂಜ್‌ನ ಕಂಪ್ಯೂಟರ್ ಪಕ್ಕದಲ್ಲೇ ಇಡುವ ಸೌಲಭ್ಯ, ಕೊಟ್ಟಾಗ ಏನಾಯಿತು ಎಂದು ಅಳೆದವರು ಆಗ ಅಲ್ಲಿದ್ದ ನಿಧಿ ಅಗರವಾಲ್ ಮತ್ತು ಸೂಸನ್ ಥಾಮಸ್. ಯಂತ್ರದ ವಹಿವಾಟು ಹೆಚ್ಚಿದ ಶೇರುಗಳಲ್ಲಿ ವಹಿವಾಟಿನ ಖರ್ಚೂ ಏರಿಳಿತವೂ ಕಡಿಮೆಯಾಗಿದ್ದನ್ನು ಅವರು ಕಂಡರು. ಒಂದು ಮಾತು ಮುಚ್ಚಿಡುವುದಿಲ್ಲ: ವಿದೇಶದ ಒಳ್ಳೆಯ ಬಿಸಿನೆಸ್ ಸ್ಕೂಲಿನಲ್ಲಿ ಕೆಲಸ ಬೇಕೆಂದರೆ ಪಿಎಚ್‌ಡಿಯೂ ಅಲ್ಲಿಯದೇ ಆಗಿದ್ದರೆ ಹಾದಿ ಸಲೀಸು. ಇಲ್ಲೇ ಇರುವ ಮನಸ್ಸಿದ್ದರೆ ಇಲ್ಲಿಯದರಿಂದ ನಷ್ಟವಿಲ್ಲ, ಭಾರತದ ಡೇಟಾ ತಿಳಿದ ಮೇಷ್ಟ್ರು ಇಲ್ಲೇ ಸಿಗುತ್ತಾರೆ.

ದುಡ್ಡಿನ ಲೆಕ್ಕ ಸೂಕ್ಷ್ಮವಾಗಿ ಹೇಳಿಬಿಡುತ್ತೇನೆ. ಪಿಎಚ್‌ಡಿಯ ಐದು ವರ್ಷ ನಿಮ್ಮ ಈಗಿನ ಸಂಬಳ ಮರೆತುಬಿಡಿ. ಮನೆ ಸಾಲ ಇದ್ದರೆ ಅದನ್ನು ಮೊದಲು ನೋಡಿ. ಆಮೇಲೆ ಅಮೆರಿಕದ ಹೆಸರಾದ ಕಡೆಗಳಲ್ಲಿ ಫೈನಾನ್ಸ್‌ನ ಅಸಿಸ್ಟೆಂಟ್ ಪ್ರೊಫೆಸರ್‌ಗೆ ವರ್ಷಕ್ಕೆ ಎರಡು ಲಕ್ಷ ಡಾಲರ್ ದಾಟುವುದು ಸಾಮಾನ್ಯ, ಬೇರೆ ವಿಷಯದ ಮೇಷ್ಟ್ರುಗಳಿಗೆ ಹೊಟ್ಟೆಕಿಚ್ಚಾಗುವಷ್ಟು. ಐಐಎಂಗಳಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಯ ಮೂಲ ವೇತನ ತಿಂಗಳಿಗೆ ಒಂದು ಲಕ್ಷದ ಮೇಲೆ ಶುರು, ಭತ್ಯೆ ಬೇರೆ. ಯಾವುದೂ ನಿಮ್ಮ ಕಂಪನಿಯ ಎದುರು ಬಿಲ್ಡಿಂಗಿನ, ಸ್ವಂತ ದುಡ್ಡಿನಲ್ಲಿ ಶೇರು ವಹಿವಾಟು ಮಾಡುವ ಪ್ರಾಪ್ ಟ್ರೇಡಿಂಗ್ ಸಂಸ್ಥೆ ಒಳ್ಳೆಯ ಕೋಡರ್‌ಗೆ ಕೊಡುವುದಕ್ಕೆ ಸಮ ಅಲ್ಲ. ದುಡ್ಡೇ ಮುಖ್ಯವಾದರೆ ಎದುರು ಬಿಲ್ಡಿಂಗಿಗೆ ಹೋಗಿ, ಅದರಲ್ಲಿ ನಾಚಿಕೆ ಏನಿಲ್ಲ.

ವಯಸ್ಸು? ಇಪ್ಪತ್ತೆಂಟು ಏನೂ ತಡವಲ್ಲ. ಕೆಲಸ ಮಾಡಿ ಬಂದವರು ಪ್ರತಿ ಬ್ಯಾಚ್‌ನಲ್ಲೂ ಇರುತ್ತಾರೆ. ಇವತ್ತೇ ಸೇರಿದರೂ ಮುಗಿಸುವಾಗ ಮೂವತ್ನಾಲ್ಕು, ಟೆನ್ಯೂರ್ ಹೊತ್ತಿಗೆ ನಲವತ್ತರ ಆಸುಪಾಸು. ಆ ವಯಸ್ಸಿನವರೆಗೆ ಊರು ಕಾಯಂ ಇರುವುದಿಲ್ಲ ಅನ್ನುವುದನ್ನು ಮನೆಯವರ ಜೊತೆ, ಮದುವೆಯಾಗುವುದಿದ್ದರೆ ಅವರ ಜೊತೆಗೂ, ಈಗಲೇ ಮಾತಾಡಿ.

ನಿಮಗೊಂದು ಅನುಕೂಲ ಇದೆ, ಬಹುಶಃ ನೀವು ಅದನ್ನು ಗಮನಿಸಿಲ್ಲ. ಎನ್‌ಎಸ್‌ಇಯ ಟಿಕ್-ಬೈ-ಟಿಕ್ ಡೇಟಾ ಒಂದು ಕಾಲಕ್ಕೆ ಟಿಸಿಪಿ ಮೂಲಕ ಒಬ್ಬರಾದ ಮೇಲೆ ಒಬ್ಬರಿಗೆ ಹೋಗುತ್ತಿತ್ತು, ಮೊದಲು ಲಾಗಿನ್ ಆದವರಿಗೆ ಮೊದಲು. ಆಮೇಲೆ ಮಲ್ಟಿಕಾಸ್ಟ್ ಬಂತು, ಎಲ್ಲರಿಗೂ ಒಟ್ಟಿಗೆ. ಆ ಹಳೆಯ ಪದ್ಧತಿಯ ಬಗ್ಗೆ ದೊಡ್ಡ ತನಿಖೆಯೇ ನಡೆದು 2019ರಲ್ಲಿ ಶೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಆದೇಶ ಹೊರಡಿಸಿತು. ಅರ್ಥಶಾಸ್ತ್ರ ಓದಿ ಬಂದ ಹುಡುಗನಿಗೆ ಇದನ್ನು ಅರ್ಥ ಮಾಡಿಸಲು ನನಗೆ ಒಂದು ಕ್ಲಾಸು ಬೇಕು, ನಿಮಗೆ ಒಂದು ಸಾಲು ಸಾಕು. ಕೊಳವೆ ಹೇಗೆ ಜೋಡಿಸಿದ್ದಾರೆ ಅಂತ ಗೊತ್ತಿರುವವನಿಗೆ ನೀರು ಯಾವ ಮನೆಗೆ ಮೊದಲು ಹೋಗುತ್ತದೆ ಅನ್ನುವ ಪ್ರಶ್ನೆ ತಾನಾಗೇ ಹುಟ್ಟುತ್ತದೆ. ಎರಿಕ್ ಬುಡಿಷ್ ಮತ್ತು ಜೊತೆಗಾರರು ಲಂಡನ್ ಸ್ಟಾಕ್ ಎಕ್ಸ್‌ಚೇಂಜ್‌ನಲ್ಲಿ ಸೋತ ಆರ್ಡರ್‌ಗಳ (ಒಂದೇ ದರಕ್ಕೆ ಹಲವರು ಓಡಿದಾಗ ತಡವಾಗಿ ತಲುಪಿದವು) ಸಂದೇಶಗಳನ್ನೂ ತಗೊಂಡು ನೋಡಿದಾಗ, ದೊಡ್ಡ ಶೇರುಗಳಲ್ಲಿ ನಿಮಿಷಕ್ಕೊಂದರಂತೆ ವೇಗದ ಓಟ ನಡೆಯುತ್ತದೆ, ಸಾಮಾನ್ಯವಾಗಿ ಒಂದು ಓಟ, ಸೆಕೆಂಡನ್ನು ಹತ್ತು ಲಕ್ಷ ಭಾಗ ಮಾಡಿದರೆ ಅದರ ಐದರಿಂದ ಹತ್ತು ಭಾಗದಲ್ಲಿ ಮುಗಿಯುತ್ತದೆ, ವಹಿವಾಟಿನ ಐದನೇ ಒಂದು ಪಾಲು ಅದೇ ಅಂತ ಗೊತ್ತಾಯಿತು. ಅದುವರೆಗಿನವರೆಲ್ಲ ಗೆದ್ದ ಆರ್ಡರ್ ಮಾತ್ರ ಇರುವ ಡೇಟಾ ನೋಡುತ್ತಿದ್ದರು. ಸೋತವರ ಸಂದೇಶ ಸರ್ವರ್‌ನ ಲಾಗ್‌ನಲ್ಲಿ ಇರುತ್ತದೆ ಅನ್ನುವುದು ನಿಮ್ಮಂಥವರಿಗೆ ಹೊಳೆಯುವ ವಿಷಯ.

ಹಾಗಂತ ಕಂಪನಿಯ ಲಾಗ್ ಪೆನ್‌ಡ್ರೈವ್‌ಗೆ ಹಾಕಿಕೊಂಡು ಬರಬೇಡಿ ಮತ್ತೆ! ಅದು ಕೆಲಸವನ್ನೂ ಕಳೆಯುತ್ತದೆ, ಅಂಥ ಡೇಟಾದ ಪೇಪರನ್ನು ಯಾವ ಜರ್ನಲೂ ಮುಟ್ಟುವುದಿಲ್ಲ.

ನಮ್ಮಲ್ಲಿ ಮಾಡದೇ ಬಿಟ್ಟಿರುವ ಕೆಲಸ ಬೇಕಾದಷ್ಟಿದೆ. 2024ರ ಸೆಪ್ಟೆಂಬರ್‌ನಲ್ಲಿ ಸೆಬಿ ಒಂದು ಲೆಕ್ಕ ಕೊಟ್ಟಿತು: ಮೂರು ವರ್ಷದಲ್ಲಿ ಎಫ್ ಆಂಡ್ ಓ (ಫ್ಯೂಚರ್ಸ್ ಮತ್ತು ಆಪ್ಷನ್ಸ್) ಆಡಿದ ಬಿಡಿ ಜನರಲ್ಲಿ ಶೇ. 93ರಷ್ಟು ಕಳೆದುಕೊಂಡಿದ್ದರು, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗಿಂತ ಜಾಸ್ತಿ. ಮೊಬೈಲ್ ಆಪ್‌ನಲ್ಲಿ ಆರ್ಡರ್ ಹಾಕುವುದು ಇಷ್ಟು ಸುಲಭ ಆಗದಿದ್ದರೆ ಈ ಜನ ಬರುತ್ತಿದ್ದರೇ? ಆಪ್‌ನ ಯಾವ ಬದಲಾವಣೆ, ಯಾರಿಗೆ ಮೊದಲು ಬಂತು, ಅವರ ಆಟ ಹೇಗೆ ಬದಲಾಯಿತು? ನೀವೇ ಆ ಬಟನ್ ಬರೆಯುತ್ತಿರುವವರು. ಯಾವ ಫೀಚರ್ ಕೆಲವರಿಗೆ ಮೊದಲು ಬಿಟ್ಟು ಉಳಿದವರಿಗೆ ಆಮೇಲೆ ಬಿಡುತ್ತೀರಿ ಅಂತ ನಿಮಗೆ ಗೊತ್ತು. ಆಟೊಕೋಟ್‌ನ ಕಥೆ ಮತ್ತೇನು?

ಈಗ ಮಾಡಬೇಕಾದ್ದು. ನಿಮ್ಮ ದೊಡ್ಡ ಕೊರತೆ ಅಂಕವಲ್ಲ, ಶಿಫಾರಸು ಪತ್ರ. ಮೂರು ಪತ್ರ ಕೇಳುತ್ತಾರೆ. ಕಾಲೇಜಿನ ಕಂಪ್ಯೂಟರ್ ಮೇಷ್ಟ್ರು "ಒಳ್ಳೆಯ ಹುಡುಗ" ಅಂತ ಬರೆದರೆ ಫೈನಾನ್ಸ್ ವಿಭಾಗದವರಿಗೆ ಏನೂ ತಿಳಿಯುವುದಿಲ್ಲ, ಮ್ಯಾನೇಜರ್ ಪತ್ರ ಇನ್ನೂ ಕಡಿಮೆ. ಅದಕ್ಕೆ ಒಂದೆರಡು ವರ್ಷ ಯಾರಾದರೂ ಪ್ರೊಫೆಸರ್ ಹತ್ತಿರ ರಿಸರ್ಚ್ ಅಸಿಸ್ಟೆಂಟ್ ಆಗಿ. ಸಂಬಳ ಇಳಿಯುತ್ತದೆ, ಆದರೆ ಈ ಬದುಕು ಒಗ್ಗುತ್ತೋ ಇಲ್ಲವೋ ಅನ್ನುವುದು ಐದು ವರ್ಷ ಕಳೆಯುವ ಮುಂಚೆಯೇ ಗೊತ್ತಾಗುತ್ತದೆ. ಅಷ್ಟರಲ್ಲಿ ಸಂಜೆ ಹೊತ್ತು ರಿಯಲ್ ಅನಾಲಿಸಿಸ್ ಮತ್ತು ಇಕನಾಮೆಟ್ರಿಕ್ಸ್ ಒಂದೊಂದು ಕೋರ್ಸ್ ಮುಗಿಸಿ, ಅಂಕಪಟ್ಟಿ ಸಿಗುವ ಕಡೆ. ಅಮೆರಿಕದ ಅರ್ಜಿಗಳ ಗಡುವು ಸಾಮಾನ್ಯವಾಗಿ ಡಿಸೆಂಬರ್ ಸುಮಾರಿಗೆ ಬರುತ್ತದೆ, ಐಐಎಂಗಳದು ಅದರ ಹಿಂದೆಮುಂದೆ. ಈ ವರ್ಷ ಬಿಡಿ, ಸಿದ್ಧರಾಗಿ ಮುಂದಿನ ವರ್ಷ ಹಾಕಿ.

ಪ್ರೊಫೆಸರುಗಳಿಗೆ ಮೇಲ್ ಬರೆಯುವಾಗ ಐವತ್ತು ಜನರಿಗೆ ಒಂದೇ ಮೇಲ್ ಕಳಿಸಬೇಡಿ, ನಮಗೆ ದಿನಾ ಬರುತ್ತದೆ, ಓದದೆ ಅಳಿಸುತ್ತೇವೆ. ಒಬ್ಬರ ಒಂದು ಪೇಪರ್ ಪೂರ್ತಿ ಓದಿ. ಅವರ ಕೋಷ್ಟಕದಲ್ಲಿ ನಿಮಗೆ ಸರಿ ಕಾಣದ ಒಂದು ಅಂಕಿ ಹುಡುಕಿ, ಎಕ್ಸ್‌ಚೇಂಜ್‌ನ ವ್ಯವಸ್ಥೆ ಹೀಗಿರುವಾಗ ಅದು ಹೇಗೆ ಹಾಗೆ ಬರುತ್ತದೆ ಅಂತ ಮೂರು ಸಾಲಿನಲ್ಲಿ ಕೇಳಿ. ಅಂಥ ಮೇಲ್‌ಗೆ ಉತ್ತರ ಬಾರದೇ ಇರುವುದು ಅಪರೂಪ. ಅರ್ಜಿಯ ಪ್ರಬಂಧದಲ್ಲೂ ಚಿಕ್ಕಂದಿನಿಂದ ಶೇರಿನ ಮೇಲೆ ಆಸಕ್ತಿ ಅಂತ ಶುರು ಮಾಡಬೇಡಿ. ಇ-ಟೆಂಡರ್ ಬಂದ ಮೇಲೆ ಹೊರಗಿನ ಊರಿನ ಖರೀದಿದಾರರು ನಿಜಕ್ಕೂ ದರ ಹಾಕುತ್ತಿದ್ದಾರಾ, ಇಲ್ಲ ಅದೇ ನಾಲ್ಕು ಜನ ಮೊಬೈಲ್‌ನಲ್ಲಿ ಹಾಕುತ್ತಿದ್ದಾರಾ ಅಂತ ಮೊದಲು ನಿಮ್ಮಪ್ಪನನ್ನು ಕೇಳಿ, ಅವರು ಹೇಳಿದ್ದನ್ನು ಯಾವ ಡೇಟಾದಲ್ಲಿ, ಹೇಗೆ ಪರೀಕ್ಷಿಸುತ್ತೀರಿ ಅಂತ ಒಂದು ಪುಟ ಬರೆಯಿರಿ. ಅದನ್ನು ನನಗೆ ಕಳಿಸಿದರೆ ಓದಿ ಹೇಳುತ್ತೇನೆ.